ಭಾನುವಾರದ ಸಂತೆಯಲ್ಲಿ ಹಳೆಯ ಹತಾರ

ಭಾನುವಾರ ಬೆಳಗಿನ ಹೊತ್ತು ರಾಜಾಜಿನಗರದ ಮೆಟ್ರೊ ನಿಲ್ದಾಣದಲ್ಲಿ ಆಫೀಸಿಗೆ ಓಡುವವರ ನೂಕುನುಗ್ಗಲು ಇರುವುದಿಲ್ಲ. ಆದರೆ ಖಾಲಿ ಕ್ಯಾನ್‌ವಾಸ್ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ ಕೆಲವರು ಪ್ರತಿ ವಾರವೂ ಅಲ್ಲಿ ಕಾಣಸಿಗುತ್ತಾರೆ. ಅವರು ಹೊರಟಿರುವುದು ಐದನೆಯ ನಿಲ್ದಾಣವಾದ ಚಿಕ್ಕಪೇಟೆಗೆ. ಅಲ್ಲಿನ ಬೀದಿಗಳಲ್ಲಿ ವಾರದ ಆರು ದಿನ ತೆರೆದಿರುವ ಅಂಗಡಿಗಳು ಬಾಗಿಲೆಳೆದುಕೊಂಡಾಗ, ಅವುಗಳ ಮುಂದೆ ಹಾಸಿದ ಟಾರ್ಪಾಲಿನ ಮೇಲೆ ಇನ್ನೊಂದು ಪೇಟೆ ಏಳುತ್ತದೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನ ಈ ಸಂಡೇ ಬಜಾರಿನಲ್ಲಿ ಹಳೆಯ ಬೂಟು, ಕೆಟ್ಟ ಮೊಬೈಲು, ತಂತಿ ಕಿತ್ತ ಸ್ಪೀಕರುಗಳ ನಡುವೆ ಹಳೆಯ ಹತಾರಗಳದೇ ಒಂದು ಲೋಕ ಉಂಟು.

ಆ ದಿನ ಅಂಥ ಚೀಲ ಹಿಡಿದು ಹೊರಟವರಲ್ಲಿ ಕಾಮಾಕ್ಷಿಪಾಳ್ಯದ ಒಬ್ಬ ತಂದೆ ಮತ್ತು ಮಗ ಇದ್ದರು. ಮಗ ಐಟಿಐ ಫಿಟ್ಟರ್ ಟ್ರೇಡಿಗೆ ಸೇರಿದ್ದಾನೆ. ಎರಡು ವರ್ಷದ ಕೋರ್ಸು. ತರಗತಿಯಲ್ಲಿ ಹತಾರ ಕೊಡುತ್ತಾರೆ, ನಿಜ. ಆದರೆ ಮನೆಯಲ್ಲಿ ಕೈ ಪಳಗಿಸಿಕೊಳ್ಳಲು ಸ್ವಂತದ್ದು ಬೇಕು ಎಂಬುದು ಮಗನ ಆಸೆ. ತಂದೆಯ ಜೇಬಿನಲ್ಲಿ ಎರಡು ಸಾವಿರ ರೂಪಾಯಿ. ಮಗನ ಜೇಬಿನಲ್ಲಿ ಎಂಟು ಸಾಮಾನಿನ ಪಟ್ಟಿ. ಎಲ್ಲವನ್ನೂ ಹೊಸದಾಗಿ ಕೊಂಡರೆ ಆ ದುಡ್ಡು ಅರ್ಧ ಪಟ್ಟಿಗೂ ಸಾಲದು.

ಹಳೆಯ ಹತಾರಗಳು ಎಲ್ಲಿಂದ ಬರುತ್ತವೆ?

ಈ ಪ್ರಶ್ನೆಗೆ ಉತ್ತರ ರೈಲಿನ ಕಿಟಕಿಯಲ್ಲೇ ಇದೆ. ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರು ಹೊತ್ತ ಈ ಬಡಾವಣೆ ಬರೀ ಮನೆಗಳಿಗೆಂದು ಹುಟ್ಟಿದ್ದಲ್ಲ. ಕೈಗಾರಿಕೆಗೂ ಅಲ್ಲಿ ಜಾಗವಿತ್ತು. ಎಚ್‌ಎಂಟಿ 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ ಲೇಥುಗಳನ್ನು ಮಾಡತೊಡಗಿದ ಮೇಲೆ, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು ಊರಿನ ಪಶ್ಚಿಮ ಭಾಗದಲ್ಲಿ ಅಣಬೆಗಳಂತೆ ಎದ್ದವು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟು, ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ಆಮೇಲೆ ಪೀಣ್ಯ, ಕೆಂಗೇರಿಯಾಚೆಯ ಕುಂಬಳಗೋಡು ಎಲ್ಲೆಡೆಯೂ ಒಂದು ಲೇಥು, ಒಂದು ಡ್ರಿಲ್ಲಿಂಗ್ ಮೆಷಿನ್ನು, ನಾಲ್ಕು ಜನ ಕೆಲಸಗಾರರು ಇದ್ದರೆ ಅದೊಂದು ವರ್ಕ್‌ಶಾಪು.

ಕಾಲ ಬದಲಾಯಿತು. ಕಿರ್ಲೋಸ್ಕರ್ ಕಾರ್ಖಾನೆಯ ಜಾಗದಲ್ಲಿ ಈಗ ಗಗನಚುಂಬಿ ಕಟ್ಟಡಗಳೂ 2012ರಲ್ಲಿ ತೆರೆದ ಓರಾಯನ್ ಮಾಲೂ ಇವೆ. ರೈಲು ನೆಲದೊಳಕ್ಕೆ ಇಳಿಯುವ ಮುನ್ನ ನಿಲ್ಲುವ ಸಂಪಿಗೆ ರಸ್ತೆ ನಿಲ್ದಾಣದ ಪಕ್ಕದ ಮಾಲ್ ಇರುವುದು ಹಿಂದೆ ರಾಜಾ ಮಿಲ್ ಇದ್ದ ನೆಲದ ಮೇಲೆ. ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ದೊಡ್ಡವು ಮುಚ್ಚಿದಾಗ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಸಣ್ಣ ಶೆಡ್ಡು ಮುಚ್ಚಿದರೆ ಗುಜರಿಯವನಿಗೆ ಮಾತ್ರ ಗೊತ್ತಾಗುತ್ತದೆ. ಯಂತ್ರವನ್ನು ಇನ್ನೊಬ್ಬ ಮಾಲೀಕ ಕೊಳ್ಳುತ್ತಾನೆ. ಸ್ಪ್ಯಾನರು, ಸುತ್ತಿಗೆ, ವೈಸುಗಳು ಕೆ.ಜಿ. ಲೆಕ್ಕದಲ್ಲಿ ಚೀಲ ಸೇರಿ, ಕೈಯಿಂದ ಕೈಗೆ ದಾಟಿ, ಒಂದು ಭಾನುವಾರ ಚಿಕ್ಕಪೇಟೆಯ ಟಾರ್ಪಾಲಿನ ಮೇಲೆ ಬಿಸಿಲು ಕಾಣುತ್ತವೆ. ಕೆಲವು ಸುತ್ತಿಗೆಗಳ ಕಾವಿನ ಮೇಲೆ ಯಾವುದೋ ಆಯುಧ ಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿರುತ್ತದೆ.

ಮಗನಿಗೆ ಹೊಸದು, ಮೇಸ್ತ್ರಿಗೆ ಹಳೆಯದು

ಕಲಿಯುವ ಹುಡುಗನಿಗೆ ಹಳೆಯದು, ಅಗ್ಗದ್ದು ಸಾಕು. ಕೈ ಪಳಗಿದ ಮೇಲೆ ಒಳ್ಳೆಯದು ಕೊಡಿಸಿದರಾಯಿತು. ಹೆಚ್ಚಿನ ತಂದೆತಾಯಂದಿರ ಲೆಕ್ಕಾಚಾರ ಹೀಗೇ ಇರುತ್ತದೆ. ಸುತ್ತಿಗೆಯ ವಿಷಯದಲ್ಲಿ ಇದು ಸರಿ. ಅಳತೆಯ ಸಾಮಾನಿನ ವಿಷಯದಲ್ಲಿ ಪೂರ್ತಿ ತಲೆಕೆಳಗು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಮೂವತ್ತು ವರ್ಷ ಅರ ಹಿಡಿದ ಮೇಸ್ತ್ರಿಗೆ ಮೂಲೆಮಟ್ಟ ಕೆಟ್ಟಿದೆಯೆಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಅವನು ಅದನ್ನು ಪಕ್ಕಕ್ಕಿಟ್ಟು ಬೇರೆಯದನ್ನು ತೆಗೆದುಕೊಳ್ಳುತ್ತಾನೆ. ಫಿಟ್ಟರ್ ತರಬೇತಿಯ ಮೊದಲ ದಿನಗಳಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ, ಮೂಲೆಗಳನ್ನು 90 ಡಿಗ್ರಿಗೆ ತರಬೇಕಾದ ಹುಡುಗನಿಗೆ ಅದು ತಿಳಿಯುವುದಿಲ್ಲ. ಎಷ್ಟು ಉಜ್ಜಿದರೂ ಮೂಲೆ ಕೂಡದಿದ್ದಾಗ ಅವನು ಬೈದುಕೊಳ್ಳುವುದು ಹತಾರವನ್ನಲ್ಲ, ತನ್ನ ಕೈಯನ್ನು. ‘ಈ ಕೆಲಸ ನನಗೆ ಆಗದು’ ಎಂದು ಒಬ್ಬ ಹುಡುಗ ತೀರ್ಮಾನಿಸಲು ಒಂದು ಡೊಂಕು ಮೂಲೆಮಟ್ಟ ಸಾಕು.

ತಂದೆ ಟಾರ್ಪಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಸ್ಪ್ಯಾನರುಗಳನ್ನು ಒಂದೊಂದಾಗಿ ಎತ್ತಿ ತಿರುಗಿಸಿ ನೋಡತೊಡಗಿದ. ಬಾಯಿ ಅಗಲವಾಗಿಲ್ಲ, ಬಿರುಕಿಲ್ಲ, ವೆಲ್ಡಿಂಗ್ ತೇಪೆಯಿಲ್ಲ. ಸ್ಪ್ಯಾನರ್ ಹಳೆಯದಾದರೆ ಚಿಂತೆಯಿಲ್ಲ. ಕಾಸಿ ಬಡಿದು ಮಾಡಿದ ಉಕ್ಕಿಗೆ ಮೇಲಿನ ತುಕ್ಕು ಒಂದು ದೋಷವೇ ಅಲ್ಲ, ಸೀಮೆಎಣ್ಣೆಯಲ್ಲಿ ನೆನೆಸಿ ಉಜ್ಜಿದರೆ ಹೋಗುತ್ತದೆ. ಆರು ಸ್ಪ್ಯಾನರು, ಒಂದು ಬಾಲ್‌ಪೀನ್ ಸುತ್ತಿಗೆ, ಒಂದು ಸಣ್ಣ ಬೆಂಚ್ ವೈಸು ಚೀಲ ಸೇರಿದವು. ವೈಸನ್ನು ಮಾತ್ರ ಆತ ಹತ್ತು ನಿಮಿಷ ನೋಡಿದ. ಎರಕದ ಕಬ್ಬಿಣ ಒಮ್ಮೆ ಒಡೆದರೆ ಬೆಸುಗೆ ಹಾಕಿದರೂ ಮೊದಲಿನ ಬಲ ಬರುವುದು ಕಷ್ಟ. ಹಾಗಾಗಿ ಹೊಸ ಬಣ್ಣ ಬಳಿದ ಹಳೆಯ ವೈಸು ಕಂಡರೆ ಆ ಬಣ್ಣದ ಕೆಳಗೆ ಏನಿದೆ ಎಂದು ಅನುಮಾನಿಸಬೇಕು.

‘ಎಂಟುನೂರು ಕೊಡಿ ಅಣ್ಣಾ, ಬೋಣಿ ಟೈಮು’ ಎಂದ ವ್ಯಾಪಾರಿ. ಐನೂರರಿಂದ ಶುರುವಾಗಿ ಆರುನೂರಕ್ಕೆ ಮಾತು ಮುಗಿಯಿತು.

ಎಂಟು ಮಿಲಿಮೀಟರಿನ ಸಾಕ್ಷಿ

ಮುಂದಿನ ಟಾರ್ಪಾಲಿನ ಮೇಲೆ ಒಂದು ವರ್ನಿಯರ್ ಕ್ಯಾಲಿಪರ್ ಇತ್ತು. ವಿದೇಶಿ ಹೆಸರು, ಮರದ ಪೆಟ್ಟಿಗೆ. ವ್ಯಾಪಾರಿ ನಾನೂರಕ್ಕೆ ಇಳಿದಿದ್ದ. ತಂದೆಯ ಕಣ್ಣು ಅರಳಿತು. ಅಂಥದ್ದೊಂದು ತನ್ನ ಕೈಯಲ್ಲೂ ಇದ್ದದ್ದು ಆತನಿಗೆ ನೆನಪಿಗೆ ಬಂದಿರಬೇಕು. ದುಡ್ಡಿಗೆ ಕೈ ಹಾಕಿದಾಗ ಮಗ ತಡೆದ.

‘ಒಂದ್ನಿಮಿಷ ಇರಪ್ಪಾ.’

ಹುಡುಗ ಮೊದಲು ದವಡೆಗಳನ್ನು ಮುಚ್ಚಿ ಆಕಾಶಕ್ಕೆ ಹಿಡಿದ. ಸೊನ್ನೆಗೆ ಸೊನ್ನೆ ಕೂಡಿತ್ತು. ಆದರೆ ದವಡೆಯ ತುದಿಯಲ್ಲಿ ಕೂದಲೆಳೆಯಂಥ ಬೆಳಕು ಕಂಡಿತು. ಆಮೇಲೆ ಜೇಬಿನಿಂದ ಒಂದು ಸಣ್ಣ ಬಾಲ್ ಬೇರಿಂಗ್ ತೆಗೆದ. ಬೇರಿಂಗ್ ಅಂಗಡಿಗಳಲ್ಲಿ ‘608’ ಎಂದರೆ ಕೊಡುತ್ತಾರೆ. ಮಕ್ಕಳ ಸ್ಕೇಟಿಂಗ್ ಚಕ್ರಗಳಲ್ಲಿರುವುದೂ ಅದೇ. ಪ್ರಪಂಚದ ಯಾವ ಮೂಲೆಯಲ್ಲಿ ತಯಾರಾದರೂ ಅದರ ಒಳರಂಧ್ರ 8 ಮಿ.ಮೀ., ಹೊರವ್ಯಾಸ 22 ಮಿ.ಮೀ., ದಪ್ಪ 7 ಮಿ.ಮೀ. ಒಳ್ಳೆಯ ತಯಾರಿಕೆಯಾದರೆ ಹೊರವ್ಯಾಸದಲ್ಲಿ ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟೂ ವ್ಯತ್ಯಾಸ ಇರುವುದಿಲ್ಲ. ಕೆಲವೇ ಹತ್ತು ರೂಪಾಯಿಗಳಿಗೆ ಸಿಗುವ ಇಂಥ ಅಳತೆಗಲ್ಲು ಇನ್ನೊಂದಿಲ್ಲ.

ದವಡೆಗಳ ಬುಡದಲ್ಲಿ ಹಿಡಿದಾಗ ವರ್ನಿಯರ್ 22.00 ತೋರಿಸಿತು. ತುದಿಯಲ್ಲಿ ಹಿಡಿದಾಗ 21.84. ವರ್ಷಗಟ್ಟಲೆ ಒಂದೇ ಬಗೆಯ ಕೆಲಸಕ್ಕೆ ಬಳಸಿ ತುದಿ ಸವೆದಿತ್ತು.

ಪಿಯುಸಿ ಪ್ರಯೋಗಾಲಯದಲ್ಲಿ ಶೂನ್ಯ ದೋಷದ ಪಾಠ ಮಾಡಿದವರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ದವಡೆ ಮುಚ್ಚಿದಾಗ ಸೊನ್ನೆಯ ಬದಲು 0.10 ತೋರಿಸುವ ವರ್ನಿಯರನ್ನು ಎಸೆಯಬೇಕಿಲ್ಲ. ಪ್ರತಿ ಅಳತೆಯಲ್ಲೂ ಅಷ್ಟನ್ನು ಕಳೆದರೆ ಲೆಕ್ಕ ಸರಿಹೋಗುತ್ತದೆ. ಎಲ್ಲ ಕಡೆ ಒಂದೇ ಸಮನಾಗಿರುವ ತಪ್ಪನ್ನು ಲೆಕ್ಕದಿಂದ ತಿದ್ದಬಹುದು. ಹಿಡಿದ ಜಾಗಕ್ಕೆ ತಕ್ಕಂತೆ ಬದಲಾಗುವ ತಪ್ಪನ್ನು ಯಾವ ಲೆಕ್ಕವೂ ತಿದ್ದದು. ಈ ವರ್ನಿಯರ್‌ನದು ಎರಡನೆಯ ಜಾತಿ.

ಬೇರಿಂಗೂ ಬೇಡದ ಪರೀಕ್ಷೆಗಳಿವೆ. ಮೂಲೆಮಟ್ಟವನ್ನು ನೇರ ಅಂಚಿನ ಹಲಗೆಗೆ ಒತ್ತಿ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ಅದನ್ನೇ ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಬೇಕು. ಎರಡೂ ಒಂದರ ಮೇಲೊಂದು ಕೂತರೆ ಸರಿ. ಕವಲೊಡೆದರೆ ಆ ಕವಲಿನ ಕೋನ ನಿಜವಾದ ದೋಷದ ಎರಡರಷ್ಟು. ರಸಮಟ್ಟಕ್ಕೂ ಇದೇ ಉಪಾಯ: ಒಂದು ಸಲ ಇಟ್ಟು ನೋಡಿ, ತುದಿ ಬದಲಿಸಿ ಅದೇ ಜಾಗದಲ್ಲಿಟ್ಟಾಗಲೂ ಗುಳ್ಳೆ ಅದೇ ಕಡೆ, ಅಷ್ಟೇ ದೂರ ಸರಿದು ನಿಂತರೆ ಡೊಂಕು ನೆಲದ್ದು, ಇಲ್ಲವಾದರೆ ಮಟ್ಟದ್ದು. ಹತಾರವನ್ನು ಅದರ ವಿರುದ್ಧವೇ ಸಾಕ್ಷಿ ನಿಲ್ಲಿಸುವ ಈ ಪರೀಕ್ಷೆಗಳಿಗೆ ಕಾಸು ಖರ್ಚಿಲ್ಲ.

ಎಂದಿಗೂ ಹಳೆಯದು ಬೇಡ

ಕೆಲವನ್ನು ಮಾತ್ರ ಎಷ್ಟೇ ಅಗ್ಗವಾದರೂ ಹಳೆಯದು ಕೊಳ್ಳಬಾರದು. ಮೊದಲನೆಯದು ಅರ. ಹಲ್ಲು ಸವೆದ ಅರ ಕಬ್ಬಿಣದ ಬರೀ ಪಟ್ಟಿ. ಎರಡನೆಯದು ಗ್ರೈಂಡರಿನ ಚಕ್ರ. ನಾಲ್ಕು ಇಂಚಿನ ಕೈ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತು ತಿರುಗುವಾಗ ಚಕ್ರದ ಅಂಚು ಗಂಟೆಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿರುತ್ತದೆ. ಕಣ್ಣಿಗೆ ಕಾಣದ ಬಿರುಕೊಂದು ಇದ್ದರೆ ಚೂರುಗಳು ಅದೇ ವೇಗದಲ್ಲಿ ಮುಖಕ್ಕೆ ಬರುತ್ತವೆ. ಚಕ್ರದ ನಡುವಿನ ಲೋಹದ ಬಳೆಯ ಮೇಲೆ ಬಳಕೆಯ ಅವಧಿ ಮುದ್ರಿಸಿರುವುದನ್ನು ಎಷ್ಟೋ ಜನ ಓದುವುದೇ ಇಲ್ಲ. ಗಾರ್ಡ್ ಕಳಚಿದ ಗ್ರೈಂಡರನ್ನಂತೂ ಮುಟ್ಟಲೇಬಾರದು.

ಮೂರನೆಯದು ವೈರು ಬಿರಿದ, ಅರ್ತ್ ಪಿನ್ನು ಮುರಿದ ಕಬ್ಬಿಣದ ಮೈಯ ಡ್ರಿಲ್ಲಿಂಗ್ ಮೆಷಿನ್ನು. ಚೌಕದೊಳಗೆ ಚೌಕದ ಗುರುತಿರುವ ಇಮ್ಮಡಿ ಇನ್ಸುಲೇಷನ್ನಿನ ಯಂತ್ರಕ್ಕೆ ಎರಡು ಪಿನ್ನು ಸಾಕು. ಆ ಗುರುತಿಲ್ಲದ್ದಕ್ಕೆ ಮೂರನೆಯ ಪಿನ್ನು ಪ್ರಾಣ ಕಾಯುವ ಪಿನ್ನು. ಅಗ್ಗಕ್ಕೆ ತಂದು ಅದರ ದುರಸ್ತಿಗೆ ಸುರಿದರೆ ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಹಾಕಿದಂತೆ. ಅಂಚು ನೀಲಿಗಟ್ಟಿದ ಉಳಿಯೂ ಬೇಡ. ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದು ಹದ ಕಳೆದುಕೊಂಡಿದೆ ಎಂಬುದಕ್ಕೆ ಆ ನೀಲಿಯೇ ಪುರಾವೆ.

ಇನ್ನೊಂದು ಮಾತು ಪೋಷಕರಿಗೆ. ಸಂತೆಗೆ ಬರುವುದೆಲ್ಲ ಮುಚ್ಚಿದ ಶೆಡ್ಡಿನದೇ ಆಗಿರಬೇಕಿಲ್ಲ. ಹೊಚ್ಚ ಹೊಸ ಯಂತ್ರ ಕಾಲು ಬೆಲೆಗೆ ಸಿಕ್ಕರೆ ಸಂತೋಷಪಡುವ ಮುನ್ನ ಯೋಚಿಸಬೇಕು. ಕಳವಿನ ಮಾಲೆಂದು ಗೊತ್ತಿದ್ದೂ ಕೊಳ್ಳುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಡಿ ಅಪರಾಧ. ಮಗನ ಮೊದಲ ಹತಾರ ಇನ್ನೊಬ್ಬ ಕೆಲಸಗಾರನ ಅನ್ನ ಕಸಿದದ್ದಾಗಬಾರದು.

ಎರಡು ಅಕ್ಷರ

ವರ್ನಿಯರ್ ಟಾರ್ಪಾಲಿನ ಮೇಲೆಯೇ ಉಳಿಯಿತು. ವ್ಯಾಪಾರಿ ಗೊಣಗಲಿಲ್ಲ, ಬದಲಿಗೆ ಬೇರಿಂಗನ್ನು ಕೈಗೆ ತೆಗೆದುಕೊಂಡು, ‘ಇದರ ನಂಬರು ಎಷ್ಟಂದೆ?’ ಎಂದು ಕೇಳಿದ. ಹೊಸ ವರ್ನಿಯರನ್ನೂ ಎರಡು ಅರಗಳನ್ನೂ ಬಿಲ್ಲು ಸಮೇತ ಅಂಗಡಿಯಲ್ಲೇ ಕೊಳ್ಳುವುದೆಂದು ತೀರ್ಮಾನವಾಯಿತು. ಹಳೆಯದರಲ್ಲಿ ಉಳಿಸಿದ ದುಡ್ಡು ಅದಕ್ಕೆ ಒದಗುತ್ತದೆ. ಮೂಲೆಮಟ್ಟ ಮುಂದಿನ ತಿಂಗಳು.

ವಾಪಸು ಹೋಗುವ ಮೊದಲು ತಂದೆ ಇನ್ನೂ ನಾಲ್ಕಾರು ಟಾರ್ಪಾಲುಗಳ ಮುಂದೆ ನಿಂತ. ಕೊಳ್ಳುವುದು ಮುಗಿದಿದ್ದರೂ ಪ್ರತಿ ಸ್ಪ್ಯಾನರನ್ನೂ ಎತ್ತಿ ಹಿಡಿಕೆಯನ್ನು ನೋಡಿ ಕೆಳಗಿಡುತ್ತಿದ್ದ. ವರ್ಕ್‌ಶಾಪಿನ ಕೆಲಸಗಾರರು ತಮ್ಮ ಹತಾರ ಇನ್ನೊಬ್ಬರದರೊಂದಿಗೆ ಬೆರೆಯದಿರಲೆಂದು ಅಕ್ಷರದ ಪಂಚಿನಿಂದ ಇನಿಷಿಯಲ್ ಒತ್ತಿಕೊಳ್ಳುತ್ತಾರೆ. ಈ ತಂದೆ ಹದಿನೆಂಟು ವರ್ಷ ಟರ್ನರ್ ಆಗಿದ್ದ ಶೆಡ್ಡು 2020ರ ಲಾಕ್‌ಡೌನಿನ ನಂತರ ಮತ್ತೆ ಬಾಗಿಲು ತೆರೆಯಲಿಲ್ಲ. ಆ ವರ್ಷ ಮನೆಬಾಡಿಗೆಗೆಂದು ಆತ ತನ್ನ ಹತಾರದ ಪೆಟ್ಟಿಗೆಯನ್ನು ಗುಜರಿಗೆ ಹಾಕಿದ್ದ. ಈಗ ವಿಜಯನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಕೆಲಸ.

‘ಸಿಕ್ತಾ ಅಪ್ಪಾ?’ ಎಂದ ಮಗ.

‘ಇಲ್ಲ ಬಿಡು. ಯಾರೋ ಕೆಲಸ ಮಾಡ್ತಿರ್ತಾರೆ ಅದ್ರಲ್ಲಿ.’

ಚೀಲದಲ್ಲಿದ್ದ ಆರು ಸ್ಪ್ಯಾನರುಗಳಲ್ಲಿ ಮೂರರ ಮೇಲೆ ಅಪರಿಚಿತರ ಅಕ್ಷರಗಳಿದ್ದವು. ಅವನ್ನು ಉಜ್ಜಿ ತೆಗೆದು ತನ್ನ ಅಕ್ಷರ ಒತ್ತಬೇಕೇ ಎಂದು ಮಗ ರೈಲಿನಲ್ಲಿ ಕೇಳಿದ. ಅವು ಹಾಗೇ ಇರಲಿ, ಪಕ್ಕದಲ್ಲಿ ಜಾಗವಿದೆಯಲ್ಲ ಎಂದ ತಂದೆ.