ಸರ್ವಿಸನ್ನು ಎದುರುಗೊಳ್ಳುವ ನಿಲುವು

ಷಟಲ್ ಬ್ಯಾಡ್ಮಿಂಟನ್ ಕೈಯ ಆಟವೆಂದೇ ಬಹುಜನರ ಎಣಿಕೆ. ಮಗು ಸೋತು ಬಂದಿತೆಂದರೆ ಮನೆಯವರ ಕಣ್ಣು ಮೊದಲು ರ‍್ಯಾಕೆಟ್ಟಿನ ಮೇಲೆ ಬೀಳುತ್ತದೆ. ಹೆಚ್ಚು ಬೆಲೆಯ ಇನ್ನೊಂದನ್ನು ಕೊಳ್ಳುವ ಮಾತು ಆ ರಾತ್ರಿಯೇ ಹುಟ್ಟುತ್ತದೆ. ನಮ್ಮ ಮನೆಯಲ್ಲಿಯೂ ಹುಟ್ಟಿತ್ತು. ಹನ್ನೆರಡು ವರ್ಷದ ಮೊಮ್ಮಗಳು, "ತಾತ, ನನ್ನ ಕೈಗೆ ಚುರುಕಿಲ್ಲ, ಇನ್ನು ಆಡುವುದಿಲ್ಲ" ಎಂದುಬಿಟ್ಟಿದ್ದಳು. ನಾವು ಒಂದು ಸಂಜೆ ಅವಳ ಕೈಯನ್ನು ಬಿಟ್ಟು ಕಾಲನ್ನೇ ನೋಡುತ್ತ ಕುಳಿತೆವು. ಎರಡು ಪಾದಗಳನ್ನೂ ಜೋಡಿಸಿ, ಮೊಣಕಾಲುಗಳನ್ನು ಸೆಟೆದು, ಶಾಲೆಯ ಪ್ರಾರ್ಥನೆಗೆ ನಿಂತಂತೆ ನಿಂತಿದ್ದಳು! ಹೀಗೆ ನಿಂತವರು ಯಾವ ದಿಕ್ಕಿಗೆ ಹೊರಡಬೇಕಾದರೂ ಮೊದಲು ಮೊಣಕಾಲನ್ನು ಬಗ್ಗಿಸಿ, ಬಳಿಕ ಒಂದು ಪಾದವನ್ನು ಬಿಡಿಸಿಕೊಳ್ಳಬೇಕು. ಅಷ್ಟರೊಳಗೆ ಷಟಲ್ಲು ನೆಲವನ್ನು ಸೇರಿರುತ್ತದೆ.

ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಬಿಲ್ಲುಗಾರನ ಐದು ನಿಲುವುಗಳು ನೆನಪಿರಬಹುದು. ಬಲಗಾಲನ್ನು ಮುಂದಿಟ್ಟು ಎಡಗಾಲನ್ನು ಹಿಂದೆಳೆದುಕೊಂಡರೆ ಆಲೀಢ; ಅದರ ವಿಪರ್ಯಯವು ಪ್ರತ್ಯಾಲೀಢ. ಬಲಗೈಯಲ್ಲಿ ಆಡುವವರು ಸರ್ವಿಸನ್ನು ಎದುರುಗೊಳ್ಳತಕ್ಕದ್ದು ಈ ಎರಡನೆಯದರಲ್ಲಿ. ಎಡಗಾಲು ಮುಂದೆ, ಬಲಗಾಲು ಹಿಂದೆ, ಮೊಣಕಾಲುಗಳು ಸಡಿಲವಾಗಿ ಬಗ್ಗಿರಬೇಕು. ಭಾರವು ಹಿಮ್ಮಡಿಯ ಮೇಲಿರದೆ ಪಾದದ ಮುಂಭಾಗದಲ್ಲಿರಬೇಕು. ರ‍್ಯಾಕೆಟ್ಟು ತೊಡೆಯ ಪಕ್ಕದಲ್ಲಿ ಜೋಲಾಡದೆ ಎದೆಯ ಮಟ್ಟಕ್ಕಾದರೂ ಎದ್ದಿರಬೇಕು. ನಮ್ಮವಳಿಗೆ ಈ ಹೆಸರೇ ಹಿಡಿಸಿತು. ಒಂದು ವಾರದ ಮೇಲೆ ಹೊಸ ರ‍್ಯಾಕೆಟ್ಟಿನ ಮಾತನ್ನು ಅವಳೂ ಎತ್ತಲಿಲ್ಲ, ಅವಳ ತಾಯಿಯೂ ಎತ್ತಲಿಲ್ಲ.

ಎಲ್ಲಿ ನಿಲ್ಲಬೇಕೆಂಬುದು ಇನ್ನೊಂದು ವಿಚಾರ. ಬಲೆಯಿಂದ 1.98 ಮೀಟರು ದೂರದಲ್ಲಿ ಎಳೆದಿರುವ ಗೆರೆಯ ಈಚೆಗೆ ಸರ್ವಿಸು ಬರಬೇಕು. ಸಿಂಗಲ್ಸ್ ಆಟದಲ್ಲಿ ಅದು ಅಂಕಣದ ಕೊನೆಯ ಗೆರೆಯವರೆಗೂ ಬರಬಹುದಾದ್ದರಿಂದ ಆ ಮುಂಗೆರೆಗಿಂತ ಸುಮಾರು ಒಂದೂವರೆ ಮೀಟರು ಹಿಂದೆ ನಿಲ್ಲುವುದು ವಾಡಿಕೆ. ಡಬಲ್ಸಿನಲ್ಲಿ ಹಿಂಗೆರೆಯು 76 ಸೆಂಟಿಮೀಟರು ಒಳಕ್ಕೆ ಸರಿದಿರುತ್ತದೆ. ಆದಕಾರಣ ಮುಂಗೆರೆಯ ಸಮೀಪಕ್ಕೇ ಹೋಗಿ, ರ‍್ಯಾಕೆಟ್ಟನ್ನು ಇನ್ನೂ ಎತ್ತಿ ಹಿಡಿದು ನಿಲ್ಲುವರು. ಬಲದ ಅಂಕಣದಲ್ಲಿ ನಡುಗೆರೆಯ ಕಡೆಗೆ ತುಸು ಸರಿದಿರುವುದು ಲೇಸು, ಏಕೆಂದರೆ ಎಡಪಕ್ಕದ ಹೊಡೆತವೇ ಬಹುಮಂದಿಗೆ ದುರ್ಬಲ.

ಇನ್ನು ಅವಸರದ ಮಾತು. ಎದುರಾಳಿಯು ಷಟಲ್ಲನ್ನು ಹೊಡೆಯುವವರೆಗೆ ಎದುರುಗೊಳ್ಳುವವರ ಎರಡು ಪಾದಗಳೂ ನೆಲಕ್ಕೆ ತಗುಲಿ ಸ್ಥಿರವಾಗಿರಬೇಕೆಂದು ನಿಯಮವುಂಟು. ಇದರಿಂದ ನಷ್ಟವೇನೂ ಇಲ್ಲ. 2018ರಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸರ್ವಿಸ್ ಮಾಡುವಾಗ ಷಟಲ್ಲು ನೆಲದಿಂದ 1.15 ಮೀಟರಿಗಿಂತ ಕೆಳಗಿರಬೇಕೆಂದು ಗೊತ್ತುಮಾಡಿದ್ದಾರೆ. ಬಲೆಯ ನಡುವಿನ ಎತ್ತರವು 1.524 ಮೀಟರು. ಷಟಲ್ಲು ಮೇಲೇರಿಯೇ ಬರಬೇಕು, ಅದನ್ನು ನೋಡಲು ಕಣ್ಣಿಗೆ ಅವಕಾಶವುಂಟು. ಹೊಡೆದ ಕ್ಷಣದಲ್ಲಿ ಹಗುರವಾಗಿ ಪುಟಿದು, ಮುಂದಕ್ಕಾದರೆ ಹಿಂಗಾಲಿನಿಂದ ನೂಕಿಕೊಳ್ಳಬೇಕು. ಹಿಂದಕ್ಕಾದರೆ ಸೊಂಟವನ್ನು ತಿರುಗಿಸಿ ಬಲಗಾಲನ್ನು ಒಯ್ಯಬೇಕೇ ಹೊರತು, ಎದೆಯನ್ನು ಬಲೆಯ ಕಡೆಗಿಟ್ಟು ಹಿಮ್ಮೆಟ್ಟುತ್ತ ಓಡಬಾರದು. ಮಕ್ಕಳು ಅಂಗಾತ ಬೀಳುವುದು ಹೀಗೆಯೇ.

ನಿಯಮಾವಳಿಯಲ್ಲಿ ನಮಗೆ ಬಹಳ ಮೆಚ್ಚಿಕೆಯಾದ ವಿಧಿ ಮತ್ತೊಂದಿದೆ. ಎದುರುಗೊಳ್ಳುವವರು ಸಿದ್ಧರಾಗುವ ಮುನ್ನ ಸರ್ವಿಸ್ ಮಾಡಕೂಡದು. ಆದರೆ ಬಂದ ಷಟಲ್ಲನ್ನು ಹೊಡೆಯಲು ಯತ್ನಿಸಿದರೆ ಅವರು ಸಿದ್ಧರಾಗಿದ್ದರೆಂದೇ ಲೆಕ್ಕ. ಸಂಕೋಚದ ಮಕ್ಕಳು ಇಲ್ಲಿಯೇ ಮೋಸಹೋಗುವರು. ಕಾಲು ಇನ್ನೂ ನೆಲೆಗೊಳ್ಳದಿರುವಾಗ ಷಟಲ್ಲು ಬಂದರೆ ರ‍್ಯಾಕೆಟ್ಟನ್ನು ಬೀಸದೆ ಸುಮ್ಮನಿದ್ದು, ಸಿದ್ಧಳಿರಲಿಲ್ಲವೆಂದು ಅಂಪೈರಿಗೆ ತಿಳಿಸುವ ಧೈರ್ಯವನ್ನೂ ಅವರಿಗೆ ಮನೆಯಲ್ಲಿಯೇ ಕಲಿಸಿಕೊಡಬಹುದು.