ಹಳ್ಳಿ ಸೇರಿತು, ಮೆಂಬರು ಹೋದರು

ಬಂಗಾರಪೇಟೆಯಲ್ಲಿ ಕವಲೊಡೆಯುವ ರೈಲುಹಳಿ ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ಮುಗಿಯುತ್ತೆ. ಬೆಂಗಳೂರಿಗೆ ದಿನಾ ಓಡಾಡೋ ನಮ್ಮಂಥವರಿಗೆ ಮಾರಿಕುಪ್ಪಂ ಅಂದ್ರೆ ಒಂದು ರೈಲಿನ ಹೆಸರು, ಅಷ್ಟೇ. ಅಲ್ಲಿಯವರನ್ನೇ 'ಯಾವೂರು?' ಅಂತ ಕೇಳಿ, 'ಕೆಜಿಎಫ್' ಅಂತಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಿಳಿದ ಮೇಲೆ ಹಳ್ಳಿಗಳ ಹೆಸರೆಲ್ಲ ಆ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಕರಗಿಹೋದವು. 2001ರ ಫೆಬ್ರವರಿ 28ಕ್ಕೆ ಗಣಿಯೂ ಮುಚ್ಚಿತು. ಹಳೇ ಹೆಸರುಗಳನ್ನು ಇವತ್ತಿಗೂ ದಿನಾ ಕೂಗಿ ಹೇಳೋದು ರೈಲ್ವೆಯವರು ಮಾತ್ರ.

ಅದೇ ರೈಲಿನ ಇನ್ನೊಂದು ತುದಿಯಲ್ಲೂ ಇದೇ ಕತೆ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ಬೇಗೂರೂ ಹಾಗೇ ಸೇರಿದ್ದು. 'ಬೆಂಗಳೂರು' ಅನ್ನೋ ಹೆಸರಿಗೆ ಸಾವಿರ ವರ್ಷಕ್ಕೂ ಹಳೆಯ ಶಾಸನದ ಸಾಕ್ಷಿ ಕೊಟ್ಟ ಊರು ಬೆಂಗಳೂರಿನ ಒಂದು ವಾರ್ಡ್ ಆಯ್ತು! ಪಂಚಾಯ್ತಿಗಳು ತಕ್ಷಣ ಹೋದವು, ಪಾಲಿಕೆ ಚುನಾವಣೆ ನಡೆದಿದ್ದು 2010ರ ಮಾರ್ಚ್‌ನಲ್ಲಿ. ಆ 110 ಹಳ್ಳಿಗಳಿಗೆ ನೀರು ಕೊಡೋ ಕಾವೇರಿ 5ನೇ ಹಂತದ ಉದ್ಘಾಟನೆ 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ!

ಇದನ್ನೆಲ್ಲ ಯಾಕೆ ಲೆಕ್ಕ ಹಾಕ್ತಿದೀನಿ ಅಂದ್ರೆ, ನಮ್ಮೂರನ್ನೂ ಪಟ್ಟಣಕ್ಕೆ ಸೇರಿಸ್ತಾರಂತೆ ಅನ್ನೋ ಮಾತು ಅರಳಿಕಟ್ಟೆಗೆ ಬಂದಿದೆ. 'ಸೈಟ್ ರೇಟು ಏರುತ್ತೆ ಬಿಡು' ಅಂತಾರೆ ಅಪ್ಪ. 'ಉದ್ಯೋಗ ಖಾತ್ರಿ ಕೆಲಸ ಹೋಗುತ್ತಲ್ಲಪ್ಪ?' ಅಂತಾಳೆ ಅಮ್ಮ. ಅಮ್ಮ ಹೇಳೋದು ಸರಿ. ಆ ಯೋಜನೆ ಹಳ್ಳಿಗಳಿಗೆ ಮಾತ್ರ. ಗ್ರಾಮಸಭೆಯೂ ಅಷ್ಟೇ. ವರ್ಷಕ್ಕೆರಡು ಸಲವಾದ್ರೂ ಎದ್ದು ನಿಂತು 'ಬೋರ್‌ವೆಲ್ ದುಡ್ಡು ಎಲ್ಲಿ ಹೋಯ್ತು?' ಅಂತ ಕೇಳೋ ಜಾಗ ಅದು.

ಫ್ರಾನ್ಸ್‌ನಲ್ಲಿ ಸುಮಾರು 35 ಸಾವಿರ ಪುಟ್ಟ ಪುರಸಭೆಗಳಿವೆ. ಬೆಟ್ಟದ ಮೇಲಿನ ನೂರಿನ್ನೂರು ಜನರ ಹಳ್ಳಿಗೂ ಒಬ್ಬ ಮೇಯರ್. ಖರ್ಚು ತೂಗಲ್ಲ ಅಂತ ಅಲ್ಲೂ ಸೇರಿಸ್ತಿದಾರೆ. ಆದ್ರೆ ಸೇರಿದ ಹಳ್ಳಿ ತನ್ನ ಹೆಸರು, ಒಂದು ಪುಟ್ಟ ಕಚೇರಿ, ಒಬ್ಬ ಉಪಮೇಯರ್‌ನಂಥವರನ್ನು ಉಳಿಸಿಕೊಳ್ಳೋಕೆ ಕಾನೂನಲ್ಲೇ ದಾರಿ ಇದೆ. ನಮ್ಮ ಭಾಷೇಲಿ ಹೇಳೋದಾದ್ರೆ, ಬ್ರಾಂಚ್ ಮರ್ಜ್ ಮಾಡಿದರೂ ಅದರ ಹಿಸ್ಟರಿ ಅಳಿಸಲ್ಲ.

ಸೇರಿಸಬೇಡಿ ಅಂತ ನಾನು ಹೇಳ್ತಿಲ್ಲ. ಒಳಚರಂಡಿ, ಬೀದಿದೀಪ ಯಾರಿಗೆ ಬೇಡ? ಆದ್ರೆ ನಲ್ಲೀಲಿ ನೀರು ಬರದೇ ಇದ್ದ ದಿನ, ಅಮ್ಮ ನಡೆದು ಹೋಗಿ ಬೈದು ಬರೋವಷ್ಟು ಹತ್ತಿರದಲ್ಲಿ ಒಬ್ಬ ಮೆಂಬರು ಇರಲಿ.