ಇಪ್ಪತ್ತು ಸಿನಿಮಾದ ಪೆಟ್ಟಿಗೆ: ತಗೊಳ್ಳೋದೋ ಬಿಡೋದೋ?

ಜೇಮ್ಸ್ ಬಾಂಡ್ ಸಿನಿಮಾಗಳ ಡಿವಿಡಿ ಪೆಟ್ಟಿಗೆ. ಒಳಗೆ 20 ಸಿನಿಮಾ. 1962ರ ‘ಡಾಕ್ಟರ್ ನೋ’ದಿಂದ 2002ರ ‘ಡೈ ಅನದರ್ ಡೇ’ವರೆಗೆ. ಹೇಳಿದ ಬೆಲೆ 4,500 ರೂಪಾಯಿ.

ಕೆಜಿಎಫ್‌ನ ಉರಿಗಾಂ ಕಡೆಯ ಒಂದು ಕುಟುಂಬ ಮನೆ ಖಾಲಿ ಮಾಡಿ ಮಕ್ಕಳಿರುವ ಊರಿಗೆ ಹೊರಟಿದೆ. ಕುರ್ಚಿ, ಮಂಚ, ಹೊಲಿಗೆ ಮಿಷನ್ ಎಲ್ಲ ಮಾರಾಟಕ್ಕಿಟ್ಟಿದ್ದಾರೆ. ಅದರ ಜೊತೆ ಈ ಪೆಟ್ಟಿಗೆ. ಮಗಳು ಇಂಗ್ಲೆಂಡಿನಿಂದ ತಂದುಕೊಟ್ಟಿದ್ದಂತೆ. ಬಿಡಿಬಿಡಿಯಾಗಿ ಕೊಡಲ್ಲ, ತಗೊಂಡರೆ ಪೂರ್ತಿ ತಗೊಳ್ಳಿ ಅಂದರು.

ಬಾಂಡ್ ಅಂದರೆ ಇಷ್ಟ ನನಗಲ್ಲ, ನಮ್ಮ ತಾತನಿಗೆ. ತಾತ ಕೆಜಿಎಫ್ ಗಣಿಯಲ್ಲಿ ನೆಲದಡಿ ಕೆಲಸ ಮಾಡಿದವರು. ಈಗ ಬಂಗಾರಪೇಟೆಯಲ್ಲಿ ನಮ್ಮ ಜೊತೆಯೇ ಇದ್ದಾರೆ. ಹತ್ತು ಮೆಟ್ಟಿಲು ಹತ್ತಿದರೆ ಎದೆ ಕಟ್ಟುತ್ತದೆ. ಥಿಯೇಟರಿಗೆ ಹೋಗೋದು ನಿಂತು ವರ್ಷಗಳೇ ಆದವು. ಹಾಗಾಗಿ ಈ ಪೆಟ್ಟಿಗೆಯ ವಿಷಯದಲ್ಲಿ ನಾನು ಒಂದು ವಾರ ಲೆಕ್ಕ ಹಾಕಿದೆ. ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಬರಬಹುದು, ಅದಕ್ಕೇ ಆ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ. 4,500ನ್ನು 20ರಿಂದ ಭಾಗಿಸಿದರೆ ಒಂದು ಸಿನಿಮಾಕ್ಕೆ 225 ರೂಪಾಯಿ. ಕಡಿಮೆಯೇನಲ್ಲ. 2006–07ರ ಸುಮಾರಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಿದ್ದು ನಿಮಗೆ ನೆನಪಿರಬಹುದು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲೂ ಸಿಗುತ್ತಿತ್ತು. ಈಗ ಡಿವಿಡಿ ಅಂಗಡಿಗಳೆಲ್ಲ ಮೊಬೈಲ್ ಕವರ್ ಅಂಗಡಿಗಳಾಗಿವೆ. ನನಗೆ ಸಂಬಳ ಅಂತ ಇಲ್ಲ, ಬರೆದ ವರದಿಗೆ ಇಷ್ಟು ಅಂತ ಬರುತ್ತದೆ. 4,500 ಅಂದರೆ ತಾತನ ಎದೆಗೆ ಎಳೆದುಕೊಳ್ಳುವ ಪಂಪ್, ಮಾತ್ರೆ ಎಲ್ಲ ಸೇರಿ ಎರಡು ತಿಂಗಳ ಖರ್ಚು. ಇದನ್ನು ಪಕ್ಕಕ್ಕಿಟ್ಟು ಯೋಚನೆ ಮಾಡೋಕೆ ಆಗಲ್ಲ.

“ಮೊಬೈಲಲ್ಲೇ ಸಿಗುತ್ತಲ್ಲ, ಆ್ಯಪ್‌ಗೆ ದುಡ್ಡು ಕಟ್ಟು” ಅಂದ ನನ್ನ ತಮ್ಮ. ಅದೂ ಸರಿ. ಆದರೆ ಹೋದ ವರ್ಷ ನಾನು ಒಂದು ಆ್ಯಪ್‌ನಲ್ಲಿ ಅರ್ಧ ನೋಡಿ ಬಿಟ್ಟಿದ್ದ ಸಿನಿಮಾ ಮುಂದಿನ ತಿಂಗಳು ಹುಡುಕಿದರೆ ಇರಲೇ ಇಲ್ಲ. ಹಕ್ಕು ಇನ್ನೊಬ್ಬರ ಕೈಗೆ ಹೋದರೆ ಸಿನಿಮಾನೂ ಹೋಗುತ್ತದೆ. ಬಾಂಡ್ ಸಿನಿಮಾಗಳ ಎಂಜಿಎಂ ಕಂಪನಿಯನ್ನೇ 2022ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಕಟ್ಟುವುದು ಬಾಡಿಗೆ, ಸಿನಿಮಾ ನಮ್ಮದಾಗುವುದಿಲ್ಲ.

ಇದನ್ನು ತಾತನಿಗೆ ವಿವರಿಸೋಕೆ ಹೋದೆ. ನನಗಿಂತ ಬೇಗ ಅವರಿಗೆ ಅರ್ಥವಾಯಿತು. “ಕ್ವಾರ್ಟರ್ಸ್ ಇದ್ದಂಗೆ ಅನ್ನು” ಅಂದರು.

ಕೆಜಿಎಫ್‌ನವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರಿಗೆ ಸ್ವಲ್ಪ ಹೇಳುತ್ತೇನೆ. 1880ರಿಂದ ಜಾನ್ ಟೇಲರ್ ಕಂಪನಿ ಗಣಿ ನಡೆಸಿತು. 1956ರಲ್ಲಿ ಮೈಸೂರು ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಬೋರ್ಡ್ ಬದಲಾದರೂ ಮನೆ, ಕರೆಂಟು, ನೀರು, ಆಸ್ಪತ್ರೆ, ಕ್ಲಬ್ಬು ಎಲ್ಲ ಗಣಿಯದ್ದೇ. ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂದಿದ್ದು 1902ರಲ್ಲಿ, ಬೆಂಗಳೂರಿಗಿಂತ ಮೊದಲು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಲ್ಲಿಯವರೆಗೆ ‘ನಮ್ಮದು’ ಅಂದುಕೊಂಡಿದ್ದ ಎಷ್ಟೋ ವಸ್ತುಗಳು ನಮ್ಮವಲ್ಲ ಅಂತ ಆ ಮೇಲೆ ಗೊತ್ತಾಯಿತು. ಅದಕ್ಕೇ ಇರಬೇಕು, ತಾತನಿಗೆ ಕೈಯಲ್ಲಿ ಹಿಡಿಯೋ ವಸ್ತು ಅಂದರೆ ನಂಬಿಕೆ.

ಹಾಗಂತ ಪೆಟ್ಟಿಗೆ ತಗೊಂಡ ಮಾತ್ರಕ್ಕೆ ಸಿನಿಮಾ ಓಡುತ್ತದೆ ಅಂತಲೂ ಇಲ್ಲ. ಇಲ್ಲಿ ಒಂದು ತಾಂತ್ರಿಕ ವಿಷಯ ಇದೆ. ಹಳೇ ಡಿಸ್ಕ್ ತಗೊಳ್ಳೋರು ಯಾರೇ ಆಗಲಿ ಇದನ್ನು ತಿಳಿದಿರಬೇಕು.

ಕಂಪನಿಯವರು ಮಾಡಿದ ಡಿವಿಡಿಯ ಹಿಂದೆ ಸಣ್ಣದೊಂದು ಭೂಗೋಳದ ಗುರುತು, ಅದರೊಳಗೆ ಒಂದು ಅಂಕಿ ಇರುತ್ತದೆ. ಅದು ಪ್ರದೇಶದ ನಂಬರ್. ಅಮೆರಿಕಕ್ಕೆ 1, ಇಂಗ್ಲೆಂಡಿಗೆ 2, ನಮ್ಮ ದೇಶಕ್ಕೆ 5. ಈ ಪೆಟ್ಟಿಗೆ ಮೇಲೆ ಇದ್ದದ್ದು 2. ಬ್ರಾಂಡೆಡ್ ಪ್ಲೇಯರ್‌ಗಳು ಸಾಮಾನ್ಯವಾಗಿ ತಮ್ಮ ನಂಬರಿನ ಡಿಸ್ಕ್ ಮಾತ್ರ ಓಡಿಸುತ್ತವೆ. ಅಗ್ಗದ ಪ್ಲೇಯರ್‌ಗಳಲ್ಲಿ ಬಹಳಷ್ಟು ಎಲ್ಲವನ್ನೂ ಓಡಿಸುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಹಾಕುವ ಜಾಗ ಇದ್ದರೂ ಪ್ರದೇಶವನ್ನು 5 ಸಲ ಮಾತ್ರ ಬದಲಾಯಿಸಬಹುದು. ಐದನೇ ಸಲಕ್ಕೆ ಇಟ್ಟಿದ್ದೇ ಖಾಯಂ. ಟಿವಿಯ ವಿಷಯದಲ್ಲಿ ಪುಣ್ಯಕ್ಕೆ ತೊಂದರೆ ಇಲ್ಲ, ಇಂಗ್ಲೆಂಡಿನದ್ದೂ ನಮ್ಮದೂ ಒಂದೇ ಪಾಲ್ ಪದ್ಧತಿ. ಇನ್ನು ಪೆಟ್ಟಿಗೆ ಮೇಲೆ ಬ್ಲೂ-ರೇ ಅಂತ ಇದ್ದರೆ ಡಿವಿಡಿ ಪ್ಲೇಯರ್‌ನಲ್ಲಿ ಓಡೋದೇ ಇಲ್ಲ. ಅದಕ್ಕೆ ಬೇರೆ ಮಿಷನ್ ಬೇಕು.

ಅದಕ್ಕೇ ಮಾರುವವರನ್ನು ಕೇಳಿದೆ, “ದುಡ್ಡು ಕೊಡೋಕೆ ಮುಂಚೆ ಒಂದು ಸಿನಿಮಾ ಹಾಕಿ ನೋಡ್ತೀನಿ, ಕೊಡ್ತೀರಾ ಆಂಟಿ?” ಅವರು ಒಪ್ಪಿದರು. ಯಾವುದು ಬೇಕು ಅಂತ ತಾತನಿಗೆ ಫೋನ್ ಮಾಡಿದೆ. ಒಂದು ಕ್ಷಣವೂ ಯೋಚಿಸದೆ “ಗೋಲ್ಡ್‌ಫಿಂಗರ್” ಅಂದರು. ಚಿನ್ನದ ಸಿನಿಮಾ ತಾನೇ.

ಮಾರಿಕುಪ್ಪಂ ಟ್ರೇನ್ ಹತ್ತಿ ಡಿಸ್ಕ್ ತಂದೆ. ನಮ್ಮ ಪ್ಲೇಯರ್ ‘ಪ್ರದೇಶ ಸರಿಯಿಲ್ಲ’ ಅಂತ ತೋರಿಸಿ ಸುಮ್ಮನಾಯಿತು. ಪಕ್ಕದ ಮನೆಯವರ ಹಳೇ ಅಗ್ಗದ ಪ್ಲೇಯರ್ ತಂದು ಜೋಡಿಸಿದರೆ ತಕ್ಷಣ ಓಡಿತು.

ತಾತ ಅಷ್ಟರಲ್ಲಿ ಇಬ್ಬರು ಹಳೇ ಜೊತೆಗಾರರಿಗೆ ಹೇಳಿ ಕಳಿಸಿದ್ದರು. ಒಬ್ಬರು ಚಾಂಪಿಯನ್ ರೀಫ್ಸ್‌ನಲ್ಲಿ ತಾತನ ಜೊತೆ ಶಿಫ್ಟಿಗೆ ಇಳಿದವರು. ಇನ್ನೊಬ್ಬರು ಅದಿರು ಅರೆಯುವ ಮಿಲ್ಲಿನಲ್ಲಿದ್ದವರು. ಮೂವರಿಗೂ ಎಪ್ಪತ್ತು ದಾಟಿದೆ. ಒಬ್ಬರದು ತಮಿಳು, ಒಬ್ಬರದು ತೆಲುಗು, ತಾತನದು ಕನ್ನಡ. ಮೂವರೂ ಮಾತಾಡೋದು ಮೂರನ್ನೂ ಕಲಸಿ. ಇಂಗ್ಲಿಷ್ ಸಬ್‌ಟೈಟಲ್ ಓದೋಕೆ ಯಾರಿಗೂ ಆಗಲ್ಲ. “ಬಾಂಡ್ ನೋಡೋಕೆ ಇಂಗ್ಲಿಷ್ ಯಾಕಮ್ಮ ಬೇಕು? ಆಗಲೂ ಬರ್ತಿರಲಿಲ್ಲ” ಅಂದರು ತಾತ.

ಅವರಿಗೆ ಆ ಕಾಲದ ಗೂಢಚಾರರ ನಂಬರ್‌ಗಳೆಲ್ಲ ಬಾಯಿಪಾಠ. ಇಂಗ್ಲಿಷಿನವನು 007. ತೆಲುಗಿನ ಕೃಷ್ಣ 1966ರಲ್ಲಿ ‘ಗೂಢಚಾರಿ 116’. ಎಂಜಿಆರ್ 1968ರಲ್ಲಿ ‘ರಹಸ್ಯ ಪೊಲೀಸ್ 115’. ನಮ್ಮ ಡಾ. ರಾಜ್‌ಕುಮಾರ್ ಸಿಐಡಿ 999. ದೊರೈ–ಭಗವಾನ್ ನಿರ್ದೇಶನದ ಆ ಸರಣಿಯಲ್ಲಿ ನಾಲ್ಕು ಸಿನಿಮಾ: 1968ರಲ್ಲಿ ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿಐಡಿ 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಆಮೇಲೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಹಿಂದಿಯ ರೇಖಾ ನಾಯಕಿಯಾಗಿ ಮೊದಲು ಬಂದಿದ್ದೇ ಆ ಜಾಕ್‌ಪಾಟ್ ಸಿನಿಮಾದಲ್ಲಿ. “ನಮಗೂ ನಂಬರ್ ಇತ್ತಲ್ಲ, ಟೋಕನ್ ನಂಬರ್” ಅಂತ ಮಿಲ್ಲಿನ ತಾತ ನಕ್ಕರು. ಮೂವರೂ ತಮ್ಮ ತಮ್ಮ ನಂಬರ್ ಹೇಳಿಕೊಂಡರು. ಇಪ್ಪತ್ತು ವರ್ಷದ ಮೇಲಾದರೂ ಒಬ್ಬರೂ ತಡವರಿಸಲಿಲ್ಲ.

ಸಿನಿಮಾ ಶುರುವಾಯಿತು. ಒಂದು ಹುಡುಗಿಯ ಮೈಗೆಲ್ಲ ಚಿನ್ನದ ಬಣ್ಣ ಬಳಿದು ಸಾಯಿಸುತ್ತಾರೆ. ಚರ್ಮಕ್ಕೆ ಉಸಿರಾಡೋಕೆ ಆಗದೆ ಸತ್ತಳು ಅಂತ ಬಾಂಡ್ ಹೇಳುತ್ತಾನೆ. ಅದು ನಿಜವಲ್ಲ, ಮನುಷ್ಯ ಉಸಿರಾಡುವುದು ಮೂಗು, ಬಾಯಿಯಿಂದ. ನಾನು ಹಾಗೆ ಹೇಳಿದ್ದಕ್ಕೆ ತಾತ ಜೇಬಿನಿಂದ ಪಂಪ್ ತೆಗೆದು ತೋರಿಸಿದರು. “ಚರ್ಮದಲ್ಲಿ ಉಸಿರಾಡೋ ಹಂಗಿದ್ರೆ ನನಗಿದು ಯಾಕೆ ಬೇಕಿತ್ತು?” ಮೂವರೂ ನಕ್ಕು ನಕ್ಕು ಕೆಮ್ಮಿದರು. ಅಜ್ಜಿ ಸಿನಿಮಾ ನಿಲ್ಲಿಸಿ ನೀರು ತಂದುಕೊಟ್ಟರು.

ಅಮೆರಿಕದ ಫೋರ್ಟ್ ನಾಕ್ಸ್ ಖಜಾನೆ ಬಂದಾಗ ಮಿಲ್ಲಿನ ತಾತ ಎದ್ದು ಕೂತರು. ಅಷ್ಟು ಚಿನ್ನ ಕದಿಯೋಕೆ ಆಗಲ್ಲ ಅಂತ ಬಾಂಡ್ ಲೆಕ್ಕ ಹೇಳುತ್ತಾನೆ. ಒಟ್ಟು 10,500 ಟನ್, ತುಂಬೋಕೆ 60 ಜನಕ್ಕೆ 12 ದಿನ, 200 ಲಾರಿ. ನಾನು ಕನ್ನಡದಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೆಜಿಎಫ್‌ನಲ್ಲಿ 121 ವರ್ಷ, ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು, ತೆಗೆದ ಒಟ್ಟು ಚಿನ್ನ ಸುಮಾರು 800 ಟನ್. “ಅಂದ್ರೆ ನಮ್ಮದೆಲ್ಲ ಸೇರಿ ಅವನ ಹದಿನೈದು ಲಾರಿ” ಅಂದರು ಮಿಲ್ಲಿನ ತಾತ. ನಾನು ಫೋನಿನಲ್ಲಿ ಲೆಕ್ಕ ಹಾಕಿದೆ. ಹದಿನೈದು ಲಾರಿ ಸರಿಯಾಗಿತ್ತು. ಚಿನ್ನದ ಗಟ್ಟಿಯನ್ನು ಸಲೀಸಾಗಿ ಎತ್ತಿ ಎಸೆಯುವುದನ್ನೂ ಅವರು ಒಪ್ಪಲಿಲ್ಲ. ಖಜಾನೆಯ ಒಂದು ಗಟ್ಟಿಯೇ 12 ಕಿಲೋಗಿಂತ ಹೆಚ್ಚು. ಮನೆ ಕಟ್ಟುವ ಇಟ್ಟಿಗೆಯಷ್ಟು ದಪ್ಪದ ಚಿನ್ನ ಸುಮಾರು 30 ಕಿಲೋ ತೂಗುತ್ತದೆ.

ನನಗೆ ಹಿಡಿಸದ ವಿಷಯವೂ ಇತ್ತು, ಅದನ್ನೂ ಹೇಳಬೇಕು. ಬಾಂಡ್ ಒಬ್ಬಳ ಹಿಂಭಾಗಕ್ಕೆ ತಟ್ಟಿ, ಗಂಡಸರ ಮಾತಿದೆ ಅಂತ ಕಳಿಸಿಬಿಡುತ್ತಾನೆ. ಇನ್ನೊಬ್ಬಳು ಬೇಡ ಅಂದರೂ ಬಿಡುವುದಿಲ್ಲ. ಅಜ್ಜಿ ಹಾಲು ಉಕ್ಕುತ್ತೆ ಅಂತ ಒಳಗೆ ಹೋದರು, ಒಲೆ ಮೇಲೆ ಹಾಲು ಇರಲಿಲ್ಲ. ಸಿನಿಮಾ ಮುಗಿದ ಮೇಲೆ ನಾನು ಆ ಮಾತು ತೆಗೆದೆ. ತಾತ ಸ್ವಲ್ಪ ಹೊತ್ತು ಬಿಟ್ಟು “ಆಗ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ ಕಣಮ್ಮ” ಅಂದರು. ಅಜ್ಜಿ ಒಳಗಿಂದಲೇ “ನಮ್ಮ ಕಣ್ಣಿಗೆ ಬಿದ್ದಿತ್ತು” ಅಂದರು. ಈ ಮಾತುಕತೆ ನಮ್ಮ ಮನೆಯಲ್ಲಿ ನಡೆದಿದ್ದು ಅದೇ ಮೊದಲು. ಫೋನಿನಲ್ಲಿ ಒಬ್ಬೊಬ್ಬರೇ ನೋಡಿದ್ದರೆ ನಡೆಯುತ್ತಿರಲಿಲ್ಲ.

ಆ ರಾತ್ರಿ ಮತ್ತೆ ಲೆಕ್ಕಕ್ಕೆ ಕೂತೆ. 20 ಸಿನಿಮಾ, ವಾರಕ್ಕೊಂದು ಅಂದರೆ 20 ಭಾನುವಾರ, ಐದು ತಿಂಗಳು. ಮನಸ್ಸಿನಲ್ಲಿದ್ದರೂ ನಾನು ಬರೆದುಕೊಳ್ಳದ ಒಂದು ಪ್ರಶ್ನೆ ಇತ್ತು. ಅದನ್ನು ತಾತನೇ ಬಾಯಿಬಿಟ್ಟು ಹೇಳಿದರು. “ಎಲ್ಲಾ ನೋಡಿ ಮುಗಿಸ್ತೀನೋ ಇಲ್ವೋ ಅಂತ ಯೋಚನೆ ಮಾಡ್ತಿದ್ದೀಯ? ಶಾನ್ ಕಾನರಿದು ಆರಿದೆ, ಅಷ್ಟು ನೋಡಿದ್ರೆ ನನಗೆ ಸಾಕು. ಮಿಕ್ಕಿದ್ದು ನೀವು ನೋಡಿ.” ಆಮೇಲೆ ಇನ್ನೊಂದು ಮಾತು ಸೇರಿಸಿದರು. “ಗಣಿ ಮುಚ್ಚಿದ ಮೇಲೆ ನಾವು ಮೂರು ಜನ ಒಟ್ಟಿಗೆ ಸೇರೋದು ಯಾರಾದ್ರೂ ಹೋದಾಗ ಮಾತ್ರ ಆಗ್ಬಿಟ್ಟಿತ್ತು.”

ನನ್ನ ತೀರ್ಮಾನ ಆದದ್ದು ಅಲ್ಲಿ. ಸಿನಿಮಾವಾದರೆ ಹೇಗಾದರೂ ಸಿಕ್ಕೀತು, ಆದರೆ ಆ ಮೂವರು ಸಾವಿಲ್ಲದ ದಿನ ಒಂದು ಕಡೆ ಕೂರೋಕೆ ಒಂದು ನೆಪ ಬೇಕಿತ್ತು. ‘ಭಾನುವಾರ ಯಾವ ಸಿನಿಮಾ?’ ಅಂತ ಕೇಳೋಕೆ ಕಣ್ಣೆದುರು ಒಂದು ಪೆಟ್ಟಿಗೆ ಇದ್ದರೆ ಟ್ರೇನ್ ಹತ್ತಿ ಬರುತ್ತಾರೆ. ‘ಆ್ಯಪ್‌ನಲ್ಲಿ ಇದೆ’ ಅಂದರೆ ಬರುವುದಿಲ್ಲ.

ಪೆಟ್ಟಿಗೆ ತಗೊಂಡೆವು. ಡಿಸ್ಕ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಎರಡರ ಮೇಲೆ ಗೀರು ಇತ್ತು, ಅದನ್ನು ತೋರಿಸಿದ್ದಕ್ಕೆ ಬೆಲೆ 3,600ಕ್ಕೆ ಇಳಿಯಿತು. ಮೂವರು ತಾತಂದಿರು ತಲಾ 700 ಹಾಕಿದರು, ನಾನು 1,500. ಔಷಧಿ ದುಡ್ಡು ಮುಟ್ಟಲಿಲ್ಲ. ಪಕ್ಕದ ಮನೆಯವರು ಪ್ಲೇಯರ್ ಕೊಟ್ಟರು. ಅವರಿಗೆ ಬಾಡಿಗೆ ಅಂದರೆ ಸಿನಿಮಾ ದಿನ ಒಂದು ಪ್ಲೇಟ್ ಪಾನಿಪೂರಿ. ಬಂಗಾರಪೇಟೆಯಲ್ಲಿ ಅದಕ್ಕೇನು ಬರವಿಲ್ಲ.

ಪ್ರತಿ ಸಿನಿಮಾಕ್ಕೂ ನಾನು ಅರ್ಧ ಪುಟ ಕಥೆಯನ್ನು ಕನ್ನಡದಲ್ಲಿ ಬರೆದು ಶುರುವಾಗೋ ಮುಂಚೆ ಓದುತ್ತೇನೆ. ಐದು ಬಾಂಡ್ ಸಿನಿಮಾಕ್ಕೆ ಒಂದರಂತೆ ಸಿಐಡಿ 999 ಸಿನಿಮಾ, ಅದನ್ನು ಫೋನಿನಿಂದ ಟಿವಿಗೆ ಜೋಡಿಸಿ ತೋರಿಸೋದು ಅಂತ ಅಜ್ಜಿಯ ಷರತ್ತು. ಅಲ್ಲಿಗೆ 24 ಭಾನುವಾರ ಆಯಿತು. ಈ ವಾರ ‘ಜೇಡರ ಬಲೆ’. ಜಯಂತಿ ಇದ್ದಾರೆ ಅಂತ ಅಜ್ಜಿ ತಮ್ಮ ಗೆಳತಿಯರಿಗೂ ಹೇಳಿದ್ದಾರೆ, ಕುರ್ಚಿ ಸಾಲದು.